ಕಲ್ತಪ್ಪಕ್ಕೆ ಒಬ್ಬಳು ತಂಗಿ

(ಬದಿಯಡ್ಕ ಹತ್ತಿರದ ನಮ್ಮೂರ ಗ್ರಂಥಾಲಯದಲ್ಲಿ ಡಿಸೆಂಬರ್ ತಿಂಗಳ ಒಂದು ಭಾನುವಾರ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಚಳಿಗಾಲದ ತಿಂಡಿಯ ಬಗ್ಗೆ ಏನಾದರೂ ಹೇಳಿ ಟೀಚರ್ ಎಂದು ಗ್ರಂಥಾಲಯದವರು ಕೇಳಿದಾಗ ನನಗೆ ನಗು ಬಂತು. ಕಾಸರಗೋಡಿನಲ್ಲಿ ಎಲ್ಲಿಯ ಚಳಿ? ಸ್ವೆಟರ್ ಅಂದರೆ ಇಲ್ಲಿ ಮಡಿಕೇರಿಗೆ ಟೂರ್ ಹೋಗುವಾಗ ಪೆಟ್ಟಿಗೆಯಿಂದ ಹೊರಗೆ ಬರುವ ವಸ್ತು. ಆದರೂ ನಮಗೂ ಚಳಿಗಾಲದ ಒಂದು ಗುರುತು ಉಂಟು. ಬೆಳಿಗ್ಗೆ ಎದ್ದು ತೆಂಗಿನೆಣ್ಣೆಯ ಬಾಟಲಿ ಬಗ್ಗಿಸುತ್ತೀರಿ, ಎಣ್ಣೆ ಬೀಳುವುದಿಲ್ಲ. ಬೆಳ್ಳಗೆ ಹೆಪ್ಪುಗಟ್ಟಿ ಕೂತಿರುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ. ನಮ್ಮ ಮನೆಯಲ್ಲಿ ಬೇರೆ ಥರ್ಮಾಮೀಟರ್ ಇಲ್ಲ. ಈ ಎಣ್ಣೆಯ ವಿಷಯ ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಎಣ್ಣೆ ಗಟ್ಟಿಯಾಗುವ ಹೊತ್ತಿಗೇ ಶಾಲೆಗೆ ಕ್ರಿಸ್ಮಸ್ ರಜೆ. ಗಡಿಯಾಚೆ ವಿಟ್ಲ, ಪುತ್ತೂರಿನ ಮಕ್ಕಳಿಗೆ ದಸರಾ ರಜೆ ದೊಡ್ಡದು. ನಮ್ಮ ಮಕ್ಕಳಿಗೆ ಓಣಂಗೆ ಹತ್ತು ದಿನ, ಕ್ರಿಸ್ಮಸ್‌ಗೆ ಹತ್ತು ದಿನ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ ಮೇಲೆ ಬಂದ ಲೆಕ್ಕ ಇದು. ಆ ಸೇರ್ಪಡೆಯ ಬಗ್ಗೆ ಹಿರಿಯರಿಗೆ ಇವತ್ತಿಗೂ ಮನಸ್ಸಿನಲ್ಲಿ ನೋವಿದೆ, ನನಗೂ ಇದೆ. ಆದರೆ ಎಂಟನೇ ಕ್ಲಾಸಿನ ಮಕ್ಕಳ ಹತ್ತಿರ ಹೋಗಿ ಆ ಹತ್ತು ದಿನ ವಾಪಸ್ ಕೊಡಿ ಅಂತ ಕೇಳಿ ನೋಡಿ!

ನಾನು ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ಅಡುಗೆಯಲ್ಲಿ ದೊಡ್ಡ ಹೆಸರು ಮಾಡಿದವಳಲ್ಲ. ನಿವೃತ್ತಿಯಾದ ವರ್ಷ ಮಗಳು ಕೆನಡಾದಿಂದ ಫೋನಿನಲ್ಲಿ ಒಂದು ಪಾಕ ಕಳಿಸಿದಳು. ಅಲ್ಲಿ ಡಿಸೆಂಬರ್ ಬಂತೆಂದರೆ ಮನೆಮನೆಯಲ್ಲಿ ಶುಂಠಿ, ಚಕ್ಕೆ, ಲವಂಗ ಹಾಕಿದ ಸಿಹಿ ಬ್ರೆಡ್ ಮಾಡುತ್ತಾರಂತೆ. ಈಸ್ಟ್ ಇಲ್ಲ, ನಾದುವುದಿಲ್ಲ, ಉಬ್ಬಲು ಕಾಯುವುದಿಲ್ಲ. ಕಲಸುವುದು, ಓವನ್ನಿಗೆ ಇಡುವುದು, ಅಷ್ಟೇ. ಅದಕ್ಕೇ ಅದಕ್ಕೆ ಕ್ವಿಕ್ ಬ್ರೆಡ್ ಎಂದು ಹೆಸರು. ನೋಡಲು ಬ್ರೆಡ್ಡಿನ ಆಕಾರ, ತಿನ್ನಲು ಕೇಕಿನ ಹಾಗೆ. "ಅಮ್ಮಾ, ನಿನಗೆ ಮೊಲಾಸಿಸ್ ಅಲ್ಲಿ ಸಿಗ್ತದಾ?" ಎಂದು ಕೇಳಿದಳು. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ ಅದು. ಕಾಸರಗೋಡು ಪೇಟೆಯಲ್ಲಿ ಎರಡು ಅಂಗಡಿ ಕೇಳಿದೆ. ಒಬ್ಬರು ದನಕ್ಕಾ ಎಂದು ಕೇಳಿದರು.

ಮನೆಗೆ ಬಂದು ಡಬ್ಬಿ ತೆಗೆದರೆ ಓಲೆಬೆಲ್ಲ ಕಣ್ಣಿಗೆ ಬಿತ್ತು. ತಾಳೆಮರದ ಬೆಲ್ಲ, ಕಪ್ಪಗೆ, ಸ್ವಲ್ಪ ಹೊಗೆಯ ಪರಿಮಳ. ಮೊಲಾಸಿಸ್ ಅಂದರೆ ಏನು? ಸಿಹಿರಸದಿಂದ ಬಿಳಿ ಸಕ್ಕರೆಯನ್ನು ಬೇರೆ ಮಾಡಿದಾಗ ಉಳಿದ ಬಣ್ಣ, ರುಚಿ, ಖನಿಜ, ಹುಳಿ. ಬೆಲ್ಲದಲ್ಲಿ ನಾವು ಬೇರೆ ಮಾಡುವುದೇ ಇಲ್ಲ, ಎಲ್ಲವೂ ಒಳಗೇ ಇರುತ್ತದೆ. ಹಾಗಾದರೆ ಹುಡುಕುವುದು ಯಾಕೆ? ಅವತ್ತು ಮೊದಲ ಬಾರಿಗೆ ಮಾಡಿದೆ.

ಆ ಬ್ರೆಡ್ಡನ್ನು ಯಾರೂ ತಿನ್ನಲಿಲ್ಲ. ಎರಡನೆಯದನ್ನೂ ತಿನ್ನಲಿಲ್ಲ. ಇವತ್ತಿನ ನನ್ನ ಮಾತು ಹೆಚ್ಚುಕಡಿಮೆ ಆ ಎರಡು ಬ್ರೆಡ್ಡುಗಳ ಮರಣೋತ್ತರ ಪರೀಕ್ಷೆ.

ಅದಕ್ಕೆ ಮೊದಲು ಕಲ್ತಪ್ಪದ ಬಗ್ಗೆ ಹೇಳಬೇಕು. ಇಲ್ಲಿರುವ ಯಾರಿಗೂ ಕಲ್ತಪ್ಪ ಗೊತ್ತಿಲ್ಲದೇ ಇಲ್ಲ. ಅದನ್ನು ಚೆನ್ನಾಗಿ ಮಾಡುವವರು ನಮ್ಮ ಬ್ಯಾರಿ, ಮಾಪಿಳ್ಳೆ ಮನೆಯವರು, ಒಪ್ಪಿಕೊಳ್ಳಲೇಬೇಕು. ಅಕ್ಕಿ ನೆನೆಸಿ ನುಣ್ಣಗೆ ರುಬ್ಬುವುದು. ಬಿಸಿ ಬೆಲ್ಲದ ಪಾಕ ಹೊಯ್ಯುವುದು. ಏಲಕ್ಕಿ, ಚಿಟಿಕೆ ಸೋಡಾ. ಕುಕ್ಕರಿನಲ್ಲಿ ತೆಂಗಿನೆಣ್ಣೆ ಕಾಯಿಸಿ ಸಣ್ಣ ಈರುಳ್ಳಿ, ತೆಂಗಿನಕಾಯಿ ಚೂರು ಕೆಂಪಗೆ ಹುರಿದು, ಅದರ ಮೇಲೇ ಹಿಟ್ಟು ಹೊಯ್ದು ಮುಚ್ಚುವುದು. ವೆಯ್ಟ್ ಇಡುವ ಹಾಗಿಲ್ಲ. ಸಣ್ಣ ಉರಿ. ಮೊದಲೆಲ್ಲ ಮುಚ್ಚಳದ ಮೇಲೆ ಕೆಂಡ ಹರಡುತ್ತಿದ್ದರು. ಕೊಂಕಣಿ ಮನೆಗಳ ಸೌತೆಕಾಯಿಯ ತವಸಳಿಗೂ ಹೀಗೇ ಕೆಳಗೆ ಕೆಂಡ, ಮೇಲೆ ಕೆಂಡ. ಕಲ್ತಪ್ಪ ಕೊಯ್ದರೆ ಒಳಗೆ ಜೇನುಗೂಡಿನ ಹಾಗೆ ತೂತು, ಹೊರಗೆ ಕಡು ಕಂದು.

ಈಗ ಯೋಚಿಸಿ. ಈಸ್ಟ್ ಇಲ್ಲ. ಉಬ್ಬಿಸುವುದು ಸೋಡಾ. ಸಿಹಿ ಬೆಲ್ಲದಿಂದ. ಮಸಾಲೆ ಉಂಟು. ಎರಡೂ ಕಡೆಯಿಂದ ಒಣ ಶಾಖ. ಇದು ಕ್ವಿಕ್ ಬ್ರೆಡ್ ಅಲ್ಲದೆ ಮತ್ತೇನು? ಮಗಳು ಕಳಿಸಿದ್ದು ನಮ್ಮ ಕಲ್ತಪ್ಪಕ್ಕೆ ಒಬ್ಬಳು ತಂಗಿ. ದೂರದ ಊರಿಗೆ ಮದುವೆಯಾಗಿ ಹೋಗಿ, ಅಕ್ಕಿ ಬಿಟ್ಟು ಗೋಧಿ ಹಿಡಿದವಳು.

ಮಸಾಲೆಯಲ್ಲಿ ಕೆಲವಂತೂ ಇಲ್ಲಿಂದಲೇ ಹೋದದ್ದು. ನಾವು ಕಾಳುಮೆಣಸಿಗೆ ಒಳ್ಳೆಮೆಣಸು ಎನ್ನುತ್ತೇವೆ, ಕೆಂಪು ಮೆಣಸು ಪೋರ್ಚುಗೀಸರ ಜೊತೆ ಆಮೇಲೆ ಬಂದದ್ದು. ಜರ್ಮನಿಯಲ್ಲಿ ಕ್ರಿಸ್ಮಸ್ ಹೊತ್ತಿನ ಮಸಾಲೆ ತಿಂಡಿಗೆ ಫೆಫರ್‌ಕೂಖನ್ ಎನ್ನುತ್ತಾರೆ. ಅಂದರೆ ಮೆಣಸಿನ ಕೇಕ್. ಮಜಾ ಏನು ಗೊತ್ತಾ? ಈಗ ಅದರಲ್ಲಿ ಹೆಚ್ಚಾಗಿ ಮೆಣಸೇ ಇರುವುದಿಲ್ಲ. ಹಡಗಿನಲ್ಲಿ ದೂರದಿಂದ ಬರುವ ಚಕ್ಕೆ, ಲವಂಗ, ಶುಂಠಿ ಎಲ್ಲದಕ್ಕೂ ಅವರು ಒಂದು ಕಾಲದಲ್ಲಿ ಮೆಣಸು ಎಂದೇ ಹೇಳುತ್ತಿದ್ದರು, ಹಾಗೆ ಉಳಿದ ಹೆಸರು. ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲೂ ಜೇನು ಮತ್ತು ಮಸಾಲೆಯ ಒಂದು ಬಿಸ್ಕೆಟ್ ಪ್ರಸಿದ್ಧ. ಬಾಸೆಲ್ ಎಂದ ಕೂಡಲೇ ನಿಮಗೆ ಬಾಸೆಲ್ ಮಿಷನ್ ನೆನಪಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದವರು. ಹಂಚು, ನೇಯ್ಗೆ, ಅಚ್ಚುಕೂಟ ಎಲ್ಲ ತಂದರು. ಮೆಣಸು ಬೆಳೆಯುವ ಊರಿಗೇ ಮೆಣಸಿನ ಕೇಕಿನ ಕಡೆಯವರು ಬಂದ ಹಾಗಾಯಿತು.

ಜಿಂಜರ್ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಅದರೊಳಗೆ ನಮ್ಮ ನೆರೆಯವರ 'ಇಂಜಿ' ಕೂತಿದೆ ಎಂದು ಪದಗಳ ಬೇರು ಅಗೆಯುವವರು ಹೇಳುತ್ತಾರೆ. ಮಲಯಾಳದವರು ದಿನಾ ಇಂಜಿ ಇಂಜಿ ಎನ್ನುವುದು ನಮಗೆ ಕೇಳಿ ಅಭ್ಯಾಸವಾಗಿದೆ, ಅದು ಗ್ರೀಸಿನ ತನಕ ಹೋಗಿ ಬಂದ ಶಬ್ದ ಎಂದು ಯಾರಿಗೆ ಹೊಳೆಯುತ್ತದೆ!

ತಲಶ್ಶೇರಿಯ ಕಥೆಯನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಇಲ್ಲಿಂದ ರೈಲು ಹತ್ತಿದರೆ ಎರಡು ಗಂಟೆಯ ದಾರಿ. ಮಾಂಬಳ್ಳಿ ಬಾಪು ಎಂಬವರು 1880ರಲ್ಲಿ ಅಲ್ಲಿ ರಾಯಲ್ ಬಿಸ್ಕೆಟ್ ಫ್ಯಾಕ್ಟರಿ ಶುರು ಮಾಡಿದರು. 1883ರ ಕ್ರಿಸ್ಮಸ್‌ಗೆ ಮೊದಲು ಅಂಜರಕಂಡಿಯ ದಾಲ್ಚಿನ್ನಿ ತೋಟದ ಬ್ರೌನ್ ದೊರೆ ಇಂಗ್ಲೆಂಡಿನಿಂದ ತಂದ ಒಂದು ಕೇಕ್ ತೋರಿಸಿ, ಇಂಥದ್ದು ಮಾಡಿಕೊಡು ಎಂದನಂತೆ. ಫ್ರೆಂಚ್ ಬ್ರಾಂಡಿ ಹಾಕಬೇಕು ಎಂದೂ ಹೇಳಿದನಂತೆ. ಬಾಪು ಅದರ ಬದಲು ಗೇರುಹಣ್ಣು ಮತ್ತು ಕದಳಿ ಬಾಳೆಹಣ್ಣಿನಿಂದ ಇಳಿಸಿದ ನಾಡಿನ ಸರಕನ್ನೇ ಹಾಕಿದರು. ದೊರೆ ತಿಂದು ಖುಷಿಯಾಗಿ ಇನ್ನೂ ಹನ್ನೆರಡು ಬೇಕು ಎಂದ ಎಂಬುದು ಕಥೆ. ಭಾರತದ ಮೊದಲ ಕ್ರಿಸ್ಮಸ್ ಕೇಕ್ ಅದೇ ಎಂದು ತಲಶ್ಶೇರಿಯವರು ಎದೆ ತಟ್ಟಿ ಹೇಳುತ್ತಾರೆ. ನನಗೆ ಮೊದಲೋ ಎರಡನೆಯದೋ ಎಂಬುದು ಮುಖ್ಯವಲ್ಲ. ಕೈಗೆ ಸಿಕ್ಕಿದ ಹಣ್ಣನ್ನು ಹಾಕುವ ಧೈರ್ಯ ಇತ್ತಲ್ಲ, ಅದು ಇಷ್ಟ. ಓಲೆಬೆಲ್ಲ ಹಾಕುವಾಗ ನಾನು ಅವರನ್ನೇ ನೆನೆದುಕೊಂಡೆ.

ಸರಿ, ಮೊದಲ ಬ್ರೆಡ್ಡು ಯಾಕೆ ಕೆಟ್ಟಿತು? ಸೋಡಾ ಜಾಸ್ತಿಯಾಯಿತು. ಚೆನ್ನಾಗಿ ಉಬ್ಬಲಿ ಎಂದು ಎರಡು ಚಮಚ ಹಾಕಿದ್ದೆ. ರಸಾಯನಶಾಸ್ತ್ರದ ಟೀಚರ್! ಬಾಯಿಗೆ ಇಟ್ಟರೆ ಸಾಬೂನು.

ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಅದಕ್ಕೆ ಹುಳಿ ಸಿಕ್ಕರೆ ಆ ಕ್ಷಣವೇ ಗಾಳಿ ಬಿಡುತ್ತದೆ, ಆ ಗಾಳಿ ಇಂಗಾಲದ ಡೈಆಕ್ಸೈಡ್. ಮಜ್ಜಿಗೆಗೆ ಸೋಡಾ ಹಾಕಿದಾಗ ಬುಸ್ ಎನ್ನುತ್ತದಲ್ಲ, ಅದು. ಹುಳಿ ಸಿಗದೆ ಉಳಿದ ಸೋಡಾ ಬಿಸಿಗೆ ಒಡೆಯುತ್ತದೆ, ಸ್ವಲ್ಪ ಗಾಳಿ ಆಗಲೂ ಬರುತ್ತದೆ, ಆದರೆ ಹಿಂದೆ ಸೋಡಿಯಂ ಕಾರ್ಬೊನೇಟ್ ಬಿಟ್ಟುಹೋಗುತ್ತದೆ. ಅದು ಬಟ್ಟೆ ಒಗೆಯುವ ಸೋಡಾ. ಸಾಬೂನಿನ ರುಚಿ ಎಂದು ನಮ್ಮವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಬ್ರೆಡ್ ಬೇಯಿಸುವ ಒಂದು ಟಿನ್ನಿಗೆ ಮುಕ್ಕಾಲು ಟೀ ಚಮಚ ಸಾಕು, ಅದೂ ಮಟ್ಟ ಮಾಡಿದ ಚಮಚ. ಜೊತೆಗೆ ಹುಳಿ ಬೇಕು. ಅದಕ್ಕೇ ನಾನು ಮೈಸೂರು ಬಾಳೆಹಣ್ಣು ಹಾಕುವುದು. ನೇಂದ್ರಕ್ಕೆ ಸಿಹಿ ಹೆಚ್ಚು, ಗಟ್ಟಿಯೂ ಹೆಚ್ಚು. ಮೈಸೂರು ಹಣ್ಣಿನಲ್ಲಿ ಸಿಹಿಯ ಹಿಂದೆ ಒಂದು ಸಣ್ಣ ಹುಳಿ ಉಂಟು, ಸೋಡಾಕ್ಕೆ ಅದು ಹಿಡಿಸುತ್ತದೆ. ಸಿಪ್ಪೆ ಕಪ್ಪಾಗಿ, ಇನ್ನು ಯಾರೂ ಮುಟ್ಟುವುದಿಲ್ಲ ಎನ್ನುವ ಸ್ಥಿತಿಗೆ ಬಂದ ಹಣ್ಣು ಬೇಕು. ಗೊನೆ ಕಡಿದ ಮನೆಯಲ್ಲಿ ಅಂಥ ಹಣ್ಣಿಗೆ ಬರಗಾಲವೇ?

ಇನ್ನೊಂದು ತಮಾಷೆ. ಹಾಗೇ ಬಿದ್ದಿದ್ದ ಸೌಟಿನಲ್ಲಿ ಕಲಸಿದ್ದೆ. ಅದರಲ್ಲಿ ಅರಸಿನ ಅಂಟಿತ್ತು. ಬ್ರೆಡ್ಡಿನ ನಡುವೆ ಕೆಂಪು ಗೆರೆ! ಮನೆಯವರು ಹೆದರಿ ದೂರ ಸರಿದರು. ಅರಸಿನಕ್ಕೆ ಕ್ಷಾರ ಸಿಕ್ಕರೆ ಕೆಂಪಾಗುತ್ತದೆ, ಸುಣ್ಣ ಸೇರಿಸಿ ಆರತಿಗೆ ಕೆಂಪು ಕುರ್ದಿ ನೀರು ಮಾಡುವುದು ಅದೇ ಲೆಕ್ಕ. ಶಾಲೆಯಲ್ಲಿ ಪ್ರತಿ ವರ್ಷ ಈ ಪ್ರಯೋಗ ಮಾಡಿ ತೋರಿಸಿದವಳು ನಾನು. ಸೋಡಾ ಅಳತೆ ಮೀರಿದೆ ಎಂದು ಆ ಗೆರೆಯೇ ನನಗೆ ಸಾಕ್ಷಿ ಹೇಳಿತು.

ಈ ಸೋಡಾಕ್ಕೂ ಒಂದು ಚರಿತ್ರೆ ಇದೆ. ಸೋಡಾ ಪೊಟ್ಟಣದಲ್ಲಿ ಸಿಗುವ ಮೊದಲು ಅಮೆರಿಕದ ಹೆಂಗಸರು ಒಲೆಯ ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ಬತ್ತಿಸಿ ಬಿಳಿ ಪುಡಿ ಮಾಡಿಕೊಳ್ಳುತ್ತಿದ್ದರು. ಪೊಟ್ಯಾಸಿಯಂ ಕಾರ್ಬೊನೇಟ್. 1796ರಲ್ಲಿ ಅಲ್ಲಿ ಅಚ್ಚಾದ ಅಡುಗೆ ಪುಸ್ತಕವೊಂದರಲ್ಲೇ ಆ ಪುಡಿ ಹಾಕಿದ ತಿಂಡಿಗಳಿವೆ. ಬೂದಿಯಿಂದ ತಿಂಡಿಯಾ ಎಂದು ಮೂಗು ಮುರಿಯಬೇಡಿ. ನಮ್ಮ ಹಪ್ಪಳದ ಹಿಟ್ಟಿಗೆ ಹಾಕುವ ಖಾರವೂ, ಅಂದರೆ ಕ್ಷಾರವೂ, ಮೂಲದಲ್ಲಿ ಗಿಡ ಸುಟ್ಟ ಬೂದಿಯ ಸಂತತಿಯೇ. ಆಮೇಲೆ 1843ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬ ಔಷಧಿ ಅಂಗಡಿಯವನು ಬೇಕಿಂಗ್ ಪೌಡರ್ ಮಾಡಿದ. ಹೆಂಡತಿಗೆ ಈಸ್ಟ್ ಆಗುತ್ತಿರಲಿಲ್ಲ, ಮೊಟ್ಟೆಯೂ ಆಗುತ್ತಿರಲಿಲ್ಲ. ಅವಳಿಗೆ ಬ್ರೆಡ್ ತಿನ್ನಿಸಬೇಕೆಂದು ಸೋಡಾ ಮತ್ತು ಹುಳಿ ಪುಡಿಯನ್ನು ಒಣಗಿಸಿ ಒಟ್ಟಿಗೆ ಸೇರಿಸಿದ. ಗಂಡಂದಿರು ಮುಂದಿನ ಸಾಲಿನಲ್ಲಿ ಕೂತಿದ್ದೀರಿ, ಕೇಳಿಸಿಕೊಳ್ಳಿ.

ಎರಡನೆಯ ಬ್ರೆಡ್ಡಿನ ವಿಷಯಕ್ಕೆ ಬರುತ್ತೇನೆ. ನಾನು ನಿಜವಾಗಿ ಹೇಳಬೇಕಾದ್ದು ಇಲ್ಲಿದೆ. ಆ ಸಲ ಸೋಡಾ ಸರಿಯಾಗಿತ್ತು, ಬಣ್ಣ ಚೆನ್ನಾಗಿತ್ತು, ಉಬ್ಬಿಯೂ ಇತ್ತು. ಕೊಯ್ದರೆ ಒಳಗೆ ಉದ್ದುದ್ದ ಸುರಂಗ. ಅಗಿದರೆ ಚಪ್ಪಲಿ. ನನಗೆ ತಲೆಬುಡ ಗೊತ್ತಾಗಲಿಲ್ಲ. ಮಗಳು ಫೋನಿನಲ್ಲಿ ಕೇಳಿದಳು: "ಎಷ್ಟು ಹೊತ್ತು ಕಲಸಿದೆ?" ನಾನು ಹೆಮ್ಮೆಯಿಂದ, "ಹದಿನೈದು ನಿಮಿಷ, ಕೈ ಬಿಡದೆ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

ನೋಡಿ, ನಮ್ಮದು ಅಕ್ಕಿಯ ಕೈ. ನೀರುದೋಸೆ, ಇಡ್ಲಿ, ಕಲ್ತಪ್ಪ, ಹಲಸಿನಹಣ್ಣಿನ ಕೊಟ್ಟಿಗೆ ಎಂಬ ಕಡುಬು. ಅಕ್ಕಿಹಿಟ್ಟನ್ನು ಎಷ್ಟು ತಿರುಗಿಸಿದರೂ ಅದು ಸಿಟ್ಟಾಗುವುದಿಲ್ಲ. ಚೆನ್ನಾಗಿ ಕದಡಿದಷ್ಟೂ ಒಳ್ಳೆಯದು, ಗಂಟು ಉಳಿಯಬಾರದು ಎಂದು ನಮ್ಮ ಅಜ್ಜಿಯಂದಿರು ಹೇಳಿಕೊಟ್ಟದ್ದು. ಅಕ್ಕಿಯಲ್ಲಿ ಗ್ಲುಟೆನ್ ಎಂಬ ಅಂಟಿನ ಪ್ರೋಟೀನ್ ಇಲ್ಲ, ಹಾಗಾಗಿ ಅವರು ಹೇಳಿದ್ದು ಸರಿ. ಗೋಧಿಯಲ್ಲಿ, ಮೈದಾದಲ್ಲಿ ಅದು ಇದೆ. ನೀರು ತಾಗಿ, ಕೈ ಆಡಿದ ಹಾಗೆಲ್ಲ ಅದು ಎಳೆಎಳೆಯಾಗಿ ಬಲೆ ಹೆಣೆಯುತ್ತದೆ. ಚಪಾತಿಗೆ, ಪರೋಟಕ್ಕೆ ಆ ಬಲೆ ಬೇಕು. ಪರೋಟದ ಅಂಗಡಿಯಲ್ಲಿ ಹಿಟ್ಟನ್ನು ಹೇಗೆ ಬಡಿಯುತ್ತಾರೆ ನೋಡಿದ್ದೀರಲ್ಲ. ಆದರೆ ಈ ಬ್ರೆಡ್ಡಿಗೆ ಬಲೆ ಬಂದರೆ ಮುಗಿಯಿತು. ಸೋಡಾದ ಗಾಳಿ ಬಲೆಯೊಳಗೆ ಸಿಕ್ಕಿಬಿದ್ದು ದಾರಿ ಹುಡುಕಿಕೊಂಡು ಮೇಲೆ ಏರುತ್ತದೆ. ಆ ದಾರಿಯೇ ಸುರಂಗ.

ಹಾಗಾಗಿ ಒಣ ಹಿಟ್ಟಿಗೆ ದ್ರವ ಹೊಯ್ದ ಮೇಲೆ ಹತ್ತು, ಹನ್ನೆರಡು ಸುತ್ತು. ಅಡಿಯಿಂದ ಎತ್ತಿ ಮಡಚುವುದು, ಅಷ್ಟೇ. ಅಲ್ಲಲ್ಲಿ ಸಣ್ಣ ಗಂಟು ಕಾಣುತ್ತದೆ. ಕಾಣಲಿ. ಕೈ ತುರಿಸುತ್ತದೆ, ಇನ್ನೊಂದು ಸುತ್ತು ತಿರುಗಿಸೋಣ ಅಂತ. ನನಗೆ ಈಗಲೂ ತುರಿಸುತ್ತದೆ. ಸೌಟನ್ನು ಸಿಂಕಿಗೆ ಹಾಕಿಬಿಡಿ, ಅದೊಂದೇ ಮದ್ದು.

ಈಗ ಅಳತೆ ಬರೆದುಕೊಳ್ಳಿ. ಪೆನ್ನು ಇಲ್ಲದವರು ಪಕ್ಕದವರದ್ದು ನೋಡಿ ಬರೆಯಬಹುದು, ಇವತ್ತು ಕಾಪಿ ಹೊಡೆದರೆ ಬೈಯುವುದಿಲ್ಲ.

ಮೈದಾ 200 ಗ್ರಾಂ. ಬೇಕಾದರೆ ಅರ್ಧಕ್ಕೆ ಗೋಧಿಹಿಟ್ಟು ಹಾಕಿ, ಸ್ವಲ್ಪ ಗಟ್ಟಿ ಬರುತ್ತದೆ, ಪರಿಮಳ ಒಳ್ಳೆಯದು. ಓಲೆಬೆಲ್ಲ 150 ಗ್ರಾಂ, ಅದನ್ನು ಕಾಲು ಲೋಟ, ಅಂದರೆ 60 ಮಿಲಿ ನೀರಿನಲ್ಲಿ ಕರಗಿಸಿ ಸೋಸಬೇಕು. ಸೋಸದಿದ್ದರೆ ಹಲ್ಲಿಗೆ ಮರಳು ಸಿಗುತ್ತದೆ, ಬೆಲ್ಲ ಮಾಡುವವರ ಮೇಲೆ ಕೋಪ ಬರುತ್ತದೆ. ಸಿಪ್ಪೆ ತೆಗೆದ ಬಾಳೆಹಣ್ಣು 200 ಗ್ರಾಂ, ಫೋರ್ಕಿನಿಂದ ಜಜ್ಜಿದ್ದು. ತೆಂಗಿನೆಣ್ಣೆ 80 ಮಿಲಿ. ಮೊಟ್ಟೆ ಎರಡು. ಮೊಟ್ಟೆ ತಿನ್ನದವರಿಗೆ ಅದರ ಬದಲು ಹುಳಿ ಮೊಸರು 100 ಗ್ರಾಂ. ಇಲ್ಲಿ ಅರ್ಧಕ್ಕರ್ಧ ಜನ ಅವರೇ ಎಂದು ಗೊತ್ತು, ಇವತ್ತು ತಂದದ್ದೂ ಮೊಸರಿನದ್ದೇ. ಸೋಡಾ ಮುಕ್ಕಾಲು ಟೀ ಚಮಚ, ಉಪ್ಪು ಅರ್ಧ.

ಮಸಾಲೆಯಲ್ಲಿ ಶುಂಠಿ ಯಜಮಾನ. ಒಣಶುಂಠಿ ಪುಡಿ ಎರಡು ಟೀ ಚಮಚ. ಹಸಿ ಶುಂಠಿ ಆಗದಾ ಎಂದು ಕೇಳುತ್ತೀರಿ. ಆಗುತ್ತದೆ, ಆದರೆ ಅದು ಬೇರೆಯೇ ರುಚಿ. ಹಸಿ ಶುಂಠಿಯ ಖಾರಕ್ಕೆ ಜಿಂಜರಾಲ್ ಕಾರಣ. ಒಣಗುವಾಗ ಅದರಲ್ಲಿ ಒಂದು ಪಾಲು ನೀರಿನಂಶ ಕಳೆದುಕೊಂಡು ಶೋಗಾಲ್ ಆಗುತ್ತದೆ, ಅದರ ಖಾರ ಇನ್ನೂ ಜೋರು, ನಿಧಾನಕ್ಕೆ ಗಂಟಲಿಗೆ ಇಳಿಯುವಂಥದ್ದು. ಶೋಗಾ ಎಂದರೆ ಜಪಾನಿ ಭಾಷೆಯಲ್ಲಿ ಶುಂಠಿ. ಹಸಿಯನ್ನು ಬೇಯಿಸಿದರೆ ಖಾರ ಇಳಿದು ಸಿಹಿ ಪರಿಮಳ ಬರುತ್ತದೆ. ನನಗೆ ಎರಡೂ ಬೇಕು, ಅದಕ್ಕೆ ಒಂದು ಚಮಚ ಹಸಿ ಶುಂಠಿ ತುರಿಯನ್ನೂ ಸೇರಿಸುತ್ತೇನೆ. ಶೀತಕ್ಕೆ ಕಷಾಯ ಕುದಿಸುವ ಮನೆಯಲ್ಲಿ ಶುಂಠಿಯ ವಿಷಯದಲ್ಲಿ ಜಿಪುಣತನ ಬೇಡ.

ಚಕ್ಕೆ ಪುಡಿ ಒಂದು ಚಮಚ. ಅಂಗಡಿಯಲ್ಲಿ ಸಿಗುವ ದಪ್ಪ, ಗಟ್ಟಿ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ. ನಿಜ ದಾಲ್ಚಿನ್ನಿ ಕಾಗದದ ಹಾಗೆ ತೆಳು, ಸುರುಳಿಯೊಳಗೆ ಸುರುಳಿ, ಬೆರಳಿನಲ್ಲಿ ಪುಡಿಯಾಗುತ್ತದೆ. ಸಿಕ್ಕಿದರೆ ಅದನ್ನೇ ಹಾಕಿ. ಲವಂಗ ಮೂರೇ ಮೂರು. ನಾಲ್ಕನೆಯದು ಹಾಕಿದರೆ ಹಲ್ಲುನೋವಿನ ಎಣ್ಣೆಯ ನೆನಪಾಗುತ್ತದೆ. ಜಾಯಿಕಾಯಿ ನಾಲ್ಕು ಉಜ್ಜು. ಅಡಿಕೆ ತೋಟದ ನಡುವೆ ಜಾಯಿಕಾಯಿ ಮರ ಇರುವವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಕಾಯಿ ಮಾರಿ ಪೇಟೆಯಿಂದ ಪುಡಿ ತರುವವರೂ ಇದ್ದೀರಿ, ಹೆಸರು ಹೇಳುವುದಿಲ್ಲ. ಕೊನೆಗೆ ಒಳ್ಳೆಮೆಣಸಿನ ಪುಡಿ ಅರ್ಧ ಚಮಚ, ಆಗಷ್ಟೇ ಕುಟ್ಟಿದ್ದು.

ಕಲ್ತಪ್ಪದಿಂದ ನಾನು ಕದ್ದದ್ದು ತೆಂಗಿನಕಾಯಿ ಚೂರು. ಒಂದು ಹಿಡಿ ಚೂರನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಹಾಕುತ್ತೇನೆ, ಜೊತೆಗೆ ಒಂದು ಹಿಡಿ ಗೇರುಬೀಜ. ಕೆನಡಾದ ಪಾಕದಲ್ಲಿ ವಾಲ್‌ನಟ್ ಇತ್ತು. ಗೇರುಮರದ ಬುಡದಲ್ಲಿ ಕೂತು ವಾಲ್‌ನಟ್ ಹುಡುಕುವುದಾ!

ಈಗ ಎಣ್ಣೆಯ ವಿಷಯ. ಡಿಸೆಂಬರಿನಲ್ಲಿ ಎಣ್ಣೆಯನ್ನು ಕರಗಿಸಿ ಹಾಕಬೇಕು ಎಂಬುದು ಎಲ್ಲರಿಗೂ ಹೊಳೆಯುತ್ತದೆ. ಆದರೆ ಫ್ರಿಜ್ಜಿನಿಂದ ತೆಗೆದ ಮೊಸರು ಅಥವಾ ಮೊಟ್ಟೆಗೆ ಕರಗಿದ ಎಣ್ಣೆ ಹೊಯ್ದರೆ ಅದು ಅಲ್ಲೇ ಮತ್ತೆ ಗಟ್ಟಿಯಾಗಿ ಮೇಣದ ಚೂರಿನ ಹಾಗೆ ತೇಲುತ್ತದೆ. ಒಂದು ಗಂಟೆ ಮೊದಲೇ ಎಲ್ಲವನ್ನೂ ಹೊರಗೆ ತೆಗೆದಿಡಿ. ಬೆಲ್ಲದ ನೀರು ಉಗುರುಬೆಚ್ಚಗೆ ಇರಲಿ. ಕುದಿಯುವುದನ್ನು ಹೊಯ್ಯಬೇಡಿ, ಮೊಟ್ಟೆ ಬೆಂದುಹೋಗುತ್ತದೆ.

ಒಂದು ಪಾತ್ರೆಯಲ್ಲಿ ಒಣಗಿದ್ದೆಲ್ಲ, ಜರಡಿ ಹಿಡಿದು. ಇನ್ನೊಂದರಲ್ಲಿ ಹಸಿಯಾದದ್ದೆಲ್ಲ. ಎರಡನ್ನೂ ಸೇರಿಸುವ ಮೊದಲು ಓವನ್ 170 ಡಿಗ್ರಿಗೆ ಕಾದಿರಬೇಕು, ಟಿನ್ನಿಗೆ ಎಣ್ಣೆ ಸವರಿರಬೇಕು. ಯಾಕೆಂದರೆ ಸೇರಿದ ಕ್ಷಣದಿಂದ ಸೋಡಾ ಕೆಲಸ ಶುರು ಮಾಡುತ್ತದೆ, ನೀವು ಟಿನ್ನು ಹುಡುಕುತ್ತಾ ನಿಂತರೆ ಗಾಳಿ ಹಾರಿಹೋಗುತ್ತದೆ. ಹೊಯ್ದು ಒಳಗಿಟ್ಟರೆ 50ರಿಂದ 55 ನಿಮಿಷ. ಮೊದಲ ಅರ್ಧ ಗಂಟೆ ಬಾಗಿಲು ತೆಗೆಯುವುದು ಬೇಡ. ಮೇಲೆ ನಡುವಿನಲ್ಲಿ ಉದ್ದಕ್ಕೆ ಬಿರುಕು ಬಿಡುತ್ತದೆ. ಅದು ತಪ್ಪಲ್ಲ. ಹೊರಗೆ ಗಟ್ಟಿಯಾದ ಮೇಲೂ ಒಳಗಿನ ಹಿಟ್ಟು ಏರುತ್ತಾ ಇರುವುದರಿಂದ ಹಾಗೆ. ಬೆಂದಿದೆಯಾ ನೋಡಲು ಹಿಡಿಸೂಡಿ ಕಡ್ಡಿ, ಅಂದರೆ ತೆಂಗಿನ ಗರಿಯ ಪೊರಕೆ ಕಡ್ಡಿ, ಚುಚ್ಚಿ. ಹೊಸ ಗರಿಯಿಂದ ಕೆರೆದು ತೊಳೆದ ಕಡ್ಡಿ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಓವನ್ ಇಲ್ಲದವರು ಹಳೆಯ ದಪ್ಪ ಅಲ್ಯೂಮಿನಿಯಂ ಪಾತ್ರೆಯ ಅಡಿಯಲ್ಲಿ ಎರಡು ಅಂಗುಲ ಮರಳು ಹಾಕಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ ಟಿನ್ನು ಇಡಬಹುದು. ಸಣ್ಣ ಉರಿಯಲ್ಲಿ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹತ್ತು ನಿಮಿಷ. ಮೇಲ್ಭಾಗ ಬಿಳಿಚಿಕೊಂಡಿರುತ್ತದೆ, ರುಚಿಗೆ ಏನೂ ಆಗುವುದಿಲ್ಲ. ಕುಕ್ಕರಿನಲ್ಲಿ ಮಾಡುವುದಾದರೆ ಗ್ಯಾಸ್ಕೆಟ್ ತೆಗೆಯಿರಿ, ವೆಯ್ಟ್ ತೆಗೆಯಿರಿ, ಮತ್ತು ದಿನಾ ಅನ್ನ ಮಾಡುವ ಕುಕ್ಕರನ್ನು ದಯವಿಟ್ಟು ಬಳಸಬೇಡಿ. ನೀರಿಲ್ಲದೆ ಕಾಯಿಸಿದರೆ ಅಡಿ ಹಾಳಾಗುತ್ತದೆ.

ಇನ್ನು ಕೊಯ್ಯುವ ವಿಷಯ. ನಮ್ಮ ಮನೆಯಲ್ಲಿ ಯುದ್ಧವಾಗುವುದು ಇಲ್ಲೇ. ಬಿಸಿಯಲ್ಲಿ ಕೊಯ್ದರೆ ಪುಡಿಯಾಗುತ್ತದೆ, ಅಂಟುತ್ತದೆ, ಮಸಾಲೆಗಳು ಒಂದೊಂದು ದಿಕ್ಕಿಗೆ ಕೂಗುತ್ತವೆ. ಪೂರ್ತಿ ತಣಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಮರುದಿನ ಕೊಯ್ಯಿರಿ. ತೇವ ಎಲ್ಲ ಕಡೆ ಸಮ ಹರಡಿರುತ್ತದೆ, ಶುಂಠಿಯೂ ಲವಂಗವೂ ರಾಜಿಯಾಗಿರುತ್ತವೆ. ಉಪ್ಪಿನಕಾಯಿಯನ್ನು ಮಿಡಿ ಹಾಕಿದ ದಿನವೇ ತಿನ್ನುತ್ತೇವಾ? ಎರಡನೆಯ ದಿನ ಒಳ್ಳೆಯದು, ಮೂರನೆಯ ದಿನ ಇನ್ನೂ ಒಳ್ಳೆಯದು. ನಾಲ್ಕನೆಯ ದಿನ ಫ್ರಿಜ್ಜಿಗೆ. ತಣ್ಣನೆ ದೇಶದವರು ವಾರಗಟ್ಟಲೆ ಹೊರಗೆ ಇಡುತ್ತಾರೆ ಎಂದು ನಂಬಿ ನಾನು ಆರನೆಯ ದಿನ ಡಬ್ಬಿ ತೆರೆದರೆ ಹಸಿರು ಬೂಸ್ಟು. ನಮ್ಮ ಗಾಳಿಯಲ್ಲಿ ಡಿಸೆಂಬರಿನಲ್ಲೂ ಸಮುದ್ರ ಉಂಟು. ಇರುವೆಗೆ ಮಾತ್ರ ಹಳೇ ಉಪಾಯ: ತಟ್ಟೆಯಲ್ಲಿ ನೀರು, ನೀರಿನ ನಡುವೆ ಡಬ್ಬಿ.

ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ. ಒಬ್ಬರು, ಬೆಲ್ಲ ಅಲ್ವಾ, ಶುಗರ್ ಇದ್ದವರು ತಿನ್ನಬಹುದಲ್ಲ ಎಂದರು. ಆ ಭ್ರಮೆ ಬೇಡ. ಬೆಲ್ಲದಲ್ಲೂ ಬಹುಪಾಲು ಸಕ್ಕರೆಯೇ, ಜೊತೆಗೆ ಮೈದಾ, ಬಾಳೆಹಣ್ಣು ಬೇರೆ. ನನಗೂ ಶುಗರ್ ಉಂಟು, ನಾನು ಬೆರಳಿನಷ್ಟು ತೆಳುವಾದ ಒಂದು ತುಂಡು ತಿಂದು ಉಳಿದದ್ದನ್ನು ನೋಡುತ್ತಾ ಕೂರುತ್ತೇನೆ. ಕುಟುಂಬಶ್ರೀ ಮಹಿಳಾ ಸಂಘದ ಹುಡುಗಿಯೊಬ್ಬಳು ರಾಗಿಯಲ್ಲಿ ಮಾಡಬಹುದಾ ಎಂದು ಕೇಳಿದಳು. ಪೂರ್ತಿ ರಾಗಿಯಾದರೆ ಹಿಡಿದುಕೊಳ್ಳಲು ಗ್ಲುಟೆನ್ ಇರುವುದಿಲ್ಲ, ಉದುರುತ್ತದೆ. ಮೂರರಲ್ಲಿ ಒಂದು ಪಾಲು ಹಾಕಿ ನೋಡು ಎಂದೆ.

ಆಮೇಲೆ ಹಂಚಿದೆವು. ಮೂರು ಲೋಫ್ ತಂದಿದ್ದೆ, ಜನ ನಿರೀಕ್ಷೆಗಿಂತ ಜಾಸ್ತಿ, ಹಾಗಾಗಿ ತುಂಡು ಪ್ರಸಾದದ ಗಾತ್ರಕ್ಕೆ ಇಳಿಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬರು ಉಮ್ಮ, ಎಂಬತ್ತರ ಹತ್ತಿರ ಇರಬೇಕು, ನಿಧಾನಕ್ಕೆ ಅಗಿದರು. ಅವರ ಕಲ್ತಪ್ಪ ನಮ್ಮೂರಿಗೆಲ್ಲ ಗೊತ್ತು. ಏನು ಹೇಳುತ್ತಾರೋ ಎಂದು ನಾನು ನಿಂತೇ ಇದ್ದೆ.

"ಒಳ್ಳೇದುಂಟು ಟೀಚರೇ," ಎಂದರು. "ತೆಂಗಿನಕಾಯಿ ಹಾಕಿದ್ದೀರಿ. ಮತ್ತೆ ಈರುಳ್ಳಿ ಯಾಕೆ ಹಾಕಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇದನ್ನು ಬರೆಯುವ ಹೊತ್ತಿಗೆ ಹಾಕಿ ನೋಡಿದ್ದೇನೆ. ಸಣ್ಣ ಈರುಳ್ಳಿ ಆರು, ತೆಳುವಾಗಿ ಹೆಚ್ಚಿ, ಅದೇ 80 ಮಿಲಿ ಎಣ್ಣೆಯಲ್ಲಿ ಕಂದು ಬಣ್ಣಕ್ಕೆ ಹುರಿದು, ಎಣ್ಣೆ ಸಮೇತ ತಣಿಸಿ ಹಾಕಬೇಕು. ಆಗ ಲವಂಗ ಪೂರ್ತಿ ಬಿಟ್ಟುಬಿಡಿ, ಒಣಶುಂಠಿ ಒಂದು ಚಮಚಕ್ಕೆ ಇಳಿಸಿ.